ಕಣ್ಣು ತಪ್ಪಿಸುವ ವಿದ್ಯೆ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸಮಾಲೆಯಲ್ಲಿ ಇದುವರೆಗೆ ವಚನ ಸಾಹಿತ್ಯ, ವಿಜಯನಗರದ ವೈಭವ, ಹರಿದಾಸರ ಕೀರ್ತನೆ ಮೊದಲಾದ ಘನವಾದ ವಿಷಯಗಳ ಮೇಲೆ ಬಲ್ಲವರು ಮಾತನಾಡಿದ್ದಾರೆ. ಅಂಥ ವೇದಿಕೆಯನ್ನು ಏರಿ, ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತುಕೊಳ್ಳುವ ನಾನು ಜಪಾನಿನ ಗೂಢಚಾರರ ವಿದ್ಯೆಯ ಬಗೆಗೆ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಕಾರ್ಯದರ್ಶಿಗಳಿಗೆ ವಿಷಯ ತಿಳಿಸಿದಾಗ ಅವರು ಒಂದು ಗಳಿಗೆ ಸುಮ್ಮನಿದ್ದು, "ಆಗಲಿ, ಮಕ್ಕಳಾದರೂ ಬರುತ್ತಾರೆ" ಎಂದರು. ಮಕ್ಕಳು ಬಂದಿದ್ದಾರೆ, ಮುಂದಿನ ಸಾಲಿನಲ್ಲಿ ಕರಾಟೆ ಕಲಿಯುವ ನಾಲ್ಕೈದು ಹುಡುಗರನ್ನು ಕಾಣುತ್ತಿದ್ದೇನೆ. ಅವರಿಗೆ ನಾನು ಮೊದಲೇ ಹೇಳಿಬಿಡಬೇಕು: ಸಿನಿಮಾದಲ್ಲಿ ನೀವು ಕಂಡ ನಿಂಜಾನ ಕರಿಯ ಅಂಗಿ, ಕರಿಯ ಮುಸುಕು, ಬೆನ್ನಿನ ಮೇಲಿನ ಕತ್ತಿ, ಚಕ್ರದ ಹಾಗೆ ತಿರುಗುತ್ತ ಬರುವ ನಕ್ಷತ್ರದ ಆಯುಧ, ಇವುಗಳಲ್ಲಿ ಬಹುಪಾಲನ್ನು ಈ ಭಾಷಣದ ಹೊತ್ತಿಗಾದರೂ ಮನೆಯಲ್ಲಿ ಬಿಟ್ಟು ಬರಬೇಕಾಗುತ್ತದೆ.

ಮೊದಲು ಹೆಸರಿನ ವಿಚಾರ. ನಾವು ನಿಂಜಾ ಎನ್ನುವವರನ್ನು ಹಿಂದಿನ ಜಪಾನೀಯರು ಶಿನೋಬಿ ಎಂದು ಕರೆಯುತ್ತಿದ್ದರು. ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರೂ ಇತ್ತು. 'ಹುಲ್ಲು' ಎಂಬ ಅರ್ಥದ ಕುಸಾ ಎಂಬುದು ಅವುಗಳಲ್ಲೊಂದು. ಹುಲ್ಲಿನಲ್ಲಿ ಅಡಗಿ ಕುಳಿತವನು ಹುಲ್ಲೇ ಆಗಿಬಿಡುತ್ತಾನೆಂದು ಅರ್ಥವಿರಬೇಕು. ಶಿನೋಬಿ ಎಂಬುದನ್ನು ಬರೆಯುವ ಅಕ್ಷರ ಸ್ವಾರಸ್ಯವಾದುದು. ಮೇಲೆ ಕತ್ತಿಯ ಅಲಗು, ಕೆಳಗೆ ಹೃದಯ. ಅದಕ್ಕೆ ಅಡಗುವುದು ಎಂಬ ಅರ್ಥವೂ ಉಂಟು, ಸಹಿಸುವುದು ಎಂಬ ಅರ್ಥವೂ ಉಂಟು. ಇದೇ ಅಕ್ಷರವನ್ನು ಚೀನೀ ಮೂಲದ ಉಚ್ಚಾರಣೆಯಲ್ಲಿ 'ನಿನ್' ಎಂದು ಓದಿದರೆ ನಿಂಜಾ ಆಗುತ್ತದೆ. ಆ ಓದು ಜನರ ಬಾಯಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಕಥೆಗಳಿಂದ ಮತ್ತು ಚಲನಚಿತ್ರಗಳಿಂದ.

ಇನ್ನು ಕರಿಯ ಉಡುಪು. ಜಪಾನಿನ ಕಾಬುಕಿ ನಾಟಕದಲ್ಲಿ ರಂಗದ ಮೇಲೆ ಸಾಮಾನು ಎತ್ತಿಡುವ ಆಳುಗಳು ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ಧರಿಸಿರುತ್ತಾರೆ. ಅವರನ್ನು ಕುರೋಕೋ ಎನ್ನುತ್ತಾರೆ. ಅವರು ಎಲ್ಲರ ಕಣ್ಣೆದುರಿಗೇ ಓಡಾಡುತ್ತಾರೆ, ಆದರೆ ಅವರು ಅಲ್ಲಿ ಇಲ್ಲವೆಂದು ಭಾವಿಸುವುದು ಪ್ರೇಕ್ಷಕರ ಸಂಪ್ರದಾಯ. ನಮ್ಮ ಬಯಲಾಟದಲ್ಲಿ ವೇಷ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರಷ್ಟೆ. ರಾತ್ರಿಯೆಲ್ಲ ಆಟ ನೋಡಿ ಬಂದವರನ್ನು, ತೆರೆ ಹಿಡಿದವರು ಯಾರು, ಯಾವ ಅಂಗಿ ತೊಟ್ಟಿದ್ದರು ಎಂದು ಕೇಳಿ ನೋಡಿ! ಒಬ್ಬರಿಗೂ ನೆನಪಿರುವುದಿಲ್ಲ. ಕಾಣದ ಮನುಷ್ಯನಿಗೆ ಕಪ್ಪು ಬಟ್ಟೆ ತೊಡಿಸುವ ರೂಢಿ ಹೀಗೆ ರಂಗಭೂಮಿಯಿಂದಲೂ ಚಿತ್ರಗಾರರಿಂದಲೂ ಬಂದಿತೆಂದು ಹೇಳುತ್ತಾರೆ. ೧೮೧೭ರಲ್ಲಿ ಪ್ರಸಿದ್ಧ ಚಿತ್ರಗಾರ ಹೊಕುಸಾಯಿಯ ಚಿತ್ರಸಂಪುಟವೊಂದರಲ್ಲಿ ಹಗ್ಗ ಹಿಡಿದು ಗೋಡೆ ಏರುವ ಕರಿಯ ಉಡುಪಿನವನೊಬ್ಬನಿದ್ದಾನೆ. ನಿಜವಾದ ಶಿನೋಬಿಗೆ ಹಳೆಯ ಗ್ರಂಥ ಸೂಚಿಸುವ ಬಣ್ಣಗಳು ಕಂದು, ಕಡುನೀಲಿ, ಕಪ್ಪು ಮುಂತಾದವು. ಕಾರಣವೇನು? ಆ ಕಾಲದ ರೈತರೂ ವ್ಯಾಪಾರಿಗಳೂ ಉಡುತ್ತಿದ್ದುದು ಅವೇ ಬಣ್ಣಗಳನ್ನು. ಕತ್ತಲಲ್ಲಿ ಅಡಗುವುದಷ್ಟೇ ಅಲ್ಲ, ಸಂತೆಯಲ್ಲಿ ಬೆರೆಯುವುದೂ ಆ ಬಟ್ಟೆಯ ಕೆಲಸವಾಗಿತ್ತು.

ಈ ವಿದ್ಯೆಗೆ ಹೆಸರಾದ ಸ್ಥಳಗಳು ಎರಡು: ಇಗಾ ಮತ್ತು ಕೋಕಾ. ಸಿನಿಮಾದವರು ಕೋಗಾ ಎನ್ನುತ್ತಾರೆ, ಊರಿನವರು ಕೋಕಾ ಎನ್ನುತ್ತಾರೆ. ಇಗಾ ಈಗಿನ ಮಿಯೆ ಪ್ರಾಂತದಲ್ಲಿದೆ, ಕೋಕಾ ಶಿಗಾ ಪ್ರಾಂತದಲ್ಲಿದೆ. ನಡುವೆ ಗುಡ್ಡದ ಸಾಲು. ರಾಜಧಾನಿಯಾಗಿದ್ದ ಕ್ಯೋಟೋ ನಗರಕ್ಕೆ ಹತ್ತಿರ, ಆದರೆ ಸುತ್ತಲೂ ಬೆಟ್ಟ. ಹತ್ತಿರವಿದ್ದುದರಿಂದ ರಾಜಕಾರಣದ ಗಾಳಿ ತಗಲುತ್ತಿತ್ತು, ಬೆಟ್ಟವಿದ್ದುದರಿಂದ ರಾಜರ ಕೈ ಸುಲಭವಾಗಿ ನಿಲುಕುತ್ತಿರಲಿಲ್ಲ. ಅಲ್ಲಿನ ಚಿಕ್ಕ ಚಿಕ್ಕ ಪಾಳೆಯಗಾರ ಮನೆತನಗಳು ದೊಡ್ಡ ಒಡೆಯನೊಬ್ಬನಿಗೆ ತಲೆಬಾಗದೆ, ತಾವೇ ಕೂಡಿ ಕೂಟ ಕಟ್ಟಿಕೊಂಡು ತಮ್ಮ ಸೀಮೆಯನ್ನು ತಾವೇ ಆಳಿಕೊಳ್ಳುತ್ತಿದ್ದುವು. ದೊಡ್ಡ ಸೈನ್ಯವಿಲ್ಲದವನಿಗೆ ರಾತ್ರಿಯೇ ಸೈನ್ಯ. ೧೪೮೭ರಲ್ಲಿ ಶೋಗುನ್ ಅಶಿಕಾಗಾ ಯೊಶಿಹಿಸಾ ಸ್ವತಃ ದಂಡೆತ್ತಿ ಬಂದು ಆ ಸೀಮೆಯಲ್ಲಿ ಪಾಳೆಯ ಹೂಡಿದಾಗ ಕೋಕಾದವರು ರಾತ್ರಿಯ ಹೊತ್ತು ಆ ಪಾಳೆಯದ ಮೇಲೆ ಬಿದ್ದು ಹೆಸರಾದರು. ಎರಡು ವರ್ಷವಾದರೂ ಕಾರ್ಯ ಮುಗಿಯದೆ ಶೋಗುನ್ ಪಾಳೆಯದಲ್ಲಿಯೇ ಕಾಯಿಲೆಯಿಂದ ತೀರಿಕೊಂಡ.

ಇಗಾದವರ ಕಥೆ ಇಷ್ಟು ಸುಖದ್ದಲ್ಲ. ೧೫೭೯ರಲ್ಲಿ ಓಡಾ ನೊಬುನಾಗಾನ ಮಗ ನೊಬುಕಾತ್ಸು ತಂದೆಯ ಅಪ್ಪಣೆಯಿಲ್ಲದೆ ಇಗಾದ ಮೇಲೆ ನುಗ್ಗಿ, ಸೋತು, ಮುಖಭಂಗ ಮಾಡಿಕೊಂಡು ಹಿಂದಿರುಗಿದ. ಎರಡು ವರ್ಷಗಳ ತರುವಾಯ, ೧೫೮೧ರಲ್ಲಿ, ನೊಬುನಾಗಾನೇ ನಲವತ್ತು ಸಾವಿರಕ್ಕೂ ಹೆಚ್ಚಿನ ಸೈನ್ಯವನ್ನು ಹಲವು ಕಣಿವೆಗಳಿಂದ ಒಮ್ಮೆಲೇ ಒಳನುಗ್ಗಿಸಿದನೆಂದು ವೃತ್ತಾಂತಗಳು ಹೇಳುತ್ತವೆ. ಊರುಗಳು ಸುಟ್ಟವು, ಗುಡಿಗಳು ಸುಟ್ಟವು. ಅಡಗುವ ವಿದ್ಯೆ ಬಲ್ಲವನು ತಾನು ಅಡಗಬಲ್ಲ. ಹೊಲ ಮನೆ, ಮುದುಕರು ಮಕ್ಕಳನ್ನು ಅಡಗಿಸುವುದು ಹೇಗೆ? ಅಳಿದುಳಿದವರು ದಿಕ್ಕುಪಾಲಾಗಿ ಬೇರೆ ಬೇರೆ ಸೀಮೆಗಳಲ್ಲಿ ಕೂಲಿಗೆ ನಿಂತರು. ಮರುವರ್ಷವೇ ನೊಬುನಾಗಾ ತನ್ನ ಸೇನಾನಿಯೊಬ್ಬನ ದ್ರೋಹಕ್ಕೆ ಬಲಿಯಾದ. ಆ ವೇಳೆಗೆ ಸಕಾಯಿ ಪಟ್ಟಣದ ಬಳಿ ಕೆಲವೇ ಪರಿವಾರದೊಡನೆ ಇದ್ದ ತೊಕುಗಾವಾ ಇಯೆಯಾಸು ಪ್ರಾಣ ಉಳಿಸಿಕೊಂಡು ತನ್ನ ಸೀಮೆ ಸೇರಲು ಇಗಾದ ಬೆಟ್ಟಗಳನ್ನು ದಾಟಬೇಕಾಯಿತು. ದಾರಿ ತೋರಿಸಿ ಕಾಪಾಡಿದವರು ಇಗಾ, ಕೋಕಾಗಳ ಜನ. ಅವರನ್ನು ಒಟ್ಟುಗೂಡಿಸಿದವನು ಹತ್ತೋರಿ ಹಾನ್‌ಜೋ ಎಂದು ಪ್ರತೀತಿ. ಸಿನಿಮಾದವರು ಈತನನ್ನು ನಿಂಜಾಗಳ ರಾಜನನ್ನಾಗಿ ಮಾಡಿದ್ದಾರೆ. ವಾಸ್ತವವಾಗಿ ಈತ ಭರ್ಜಿ ಹಿಡಿದು ಹಗಲಿನಲ್ಲಿ ಹೋರಾಡಿದ ಸಾಮುರಾಯಿ ಸರದಾರ. ಇಯೆಯಾಸು ಮುಂದೆ ಶೋಗುನ್ ಆಗಿ ಇಡೀ ಜಪಾನನ್ನು ಆಳಿದ. ಟೋಕಿಯೋದ ಅರಮನೆಯ ಒಂದು ಬಾಗಿಲಿಗೆ ಈಗಲೂ ಹಾನ್‌ಜೋಮನ್ ಎಂದು ಹೆಸರು. ಅಲ್ಲಿನ ಭೂಗತ ರೈಲಿಗೂ ಅದೇ ಹೆಸರು.

ಯುದ್ಧಗಳು ನಿಂತ ಮೇಲೆ ವಿದ್ಯೆ ಮರೆತುಹೋದೀತೆಂಬ ಭಯದಿಂದ ಬಲ್ಲವರು ಬರೆದಿಡತೊಡಗಿದರು. ೧೬೭೬ರಲ್ಲಿ ಇಗಾದ ಫುಜಿಬಾಯಾಶಿ ಯಾಸುತಾಕೆ ಎಂಬುವನು 'ಬನ್‌ಸೆನ್‌ಶೂಕಾಯಿ' ಎಂಬ ದೊಡ್ಡ ಗ್ರಂಥವನ್ನು ಸಂಕಲಿಸಿದ. ಹತ್ತು ಸಾವಿರ ನದಿಗಳು ಸಮುದ್ರ ಸೇರಿದಂತೆ, ಎಂದು ಹೆಸರಿನ ಅರ್ಥ. ಐದು ವರ್ಷಗಳ ನಂತರ 'ಶೋನಿಂಕಿ' ಎಂಬ ಇನ್ನೊಂದು ಗ್ರಂಥ ಹುಟ್ಟಿತು. ಇವುಗಳಲ್ಲಿ ಅಡಗುವ ಬಗೆಗಳನ್ನು ಹೇಳಿರುವುದನ್ನು ಕೇಳಿದರೆ ಮಕ್ಕಳಿಗೆ ಕಣ್ಣುಮುಚ್ಚಾಲೆ ನೆನಪಾಗದಿರದು. ಒಂದಕ್ಕೆ ಪುರಲೆಯ ಅಡಗು ಎಂದು ಹೆಸರು: ಪುರಲೆ ಹಕ್ಕಿಯ ಹಾಗೆ ಕೈಕಾಲು ಮುದುರಿ, ಮುಖ ಒಳಗೆ ಮಾಡಿ, ನೆಲಕ್ಕೆ ಅಂಟಿ ಕಲ್ಲಿನಂತೆ ಬಿದ್ದಿರುವುದು. ಇನ್ನೊಂದು ಕಾನ್ನೋನ್ ಅಡಗು: ಕಾನ್ನೋನ್ ಎಂದರೆ ಅಲ್ಲಿನ ಬೌದ್ಧರ ಕರುಣಾಮೂರ್ತಿ. ಗೋಡೆಗೋ ಮರಕ್ಕೋ ಒತ್ತಿಕೊಂಡು ತೋಳಿನಿಂದ ಮುಖ ಮುಚ್ಚಿ ವಿಗ್ರಹದಂತೆ ನಿಂತುಬಿಡುವುದು. ಮುಖವನ್ನೇಕೆ ಮುಚ್ಚಬೇಕು? ಕತ್ತಲಲ್ಲಿ ಮೊದಲು ಹೊಳೆಯುವುದು ಮುಖ. ಅಲ್ಲದೆ ಕಾವಲುಗಾರನ ಕಣ್ಣು ನಮ್ಮ ಕಣ್ಣಿಗೆ ಬಿದ್ದರೆ ನಾವು ಬೆಚ್ಚುತ್ತೇವೆ, ಬೆಚ್ಚಿದವನು ಅಲುಗುತ್ತಾನೆ. ಅವನು ನೋಡುತ್ತಿರುವುದೇ ನಮಗೆ ತಿಳಿಯದಿದ್ದರೆ ಬೆಚ್ಚುವ ಪ್ರಶ್ನೆಯೇ ಇಲ್ಲ. ಎಷ್ಟು ಸರಳ, ಎಷ್ಟು ಕಷ್ಟ!

ಆದರೆ ನನಗೆ ಹೆಚ್ಚು ಹಿಡಿಸಿದ್ದು 'ಶೋನಿಂಕಿ'ಯ ಏಳು ವೇಷಗಳು. ಕೊಳಲೂದುವ ಭಿಕ್ಷು, ಬೌದ್ಧ ಸಂನ್ಯಾಸಿ, ಬೆಟ್ಟದ ತಪಸ್ವಿ, ವ್ಯಾಪಾರಿ, ಬೀದಿಯಲ್ಲಿ ಕಣ್ಕಟ್ಟು ಮಾಡುವವ, ನಾಟಕದವ; ಏಳನೆಯದು, ಸಾಧಾರಣ ಮನುಷ್ಯ! ನಮ್ಮ ಕೌಟಿಲ್ಯನೂ ಅರ್ಥಶಾಸ್ತ್ರದಲ್ಲಿ ಗೂಢಪುರುಷರಿಗೆ ವಿದ್ಯಾರ್ಥಿ, ವ್ರತ ಬಿಟ್ಟ ಸಂನ್ಯಾಸಿ, ಗೃಹಸ್ಥ, ವರ್ತಕ, ತಾಪಸ ಎಂದು ಹೀಗೆಯೇ ಪಟ್ಟಿ ಮಾಡಿದ್ದಾನೆ. ಆ ಅರ್ಥಶಾಸ್ತ್ರದ ತಾಳೆಯೋಲೆ ೧೯೦೫ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, ೧೯೦೯ರಲ್ಲಿ ಅಚ್ಚಾಯಿತೆಂಬುದನ್ನು ರಾಜ್ಯೋತ್ಸವದ ಸಂದರ್ಭದಲ್ಲಿ ಹೇಳದೆ ಬಿಡಲಾರೆ. ಜಪಾನೀಯರು ಕೌಟಿಲ್ಯನನ್ನು ಓದಿರಲಿಲ್ಲ. ಅವರಿಗೆ ಗುರು ಚೀನಾದ ಸುನ್‌ತ್ಸು. ಆದರೂ ಎರಡು ಕಡೆಯೂ ಒಂದೇ ಮಾತು ಹೊರಟದ್ದು, ಮನೆಬಾಗಿಲಿಗೆ ಬಂದ ಸಾಧುವನ್ನೂ ವ್ಯಾಪಾರಿಯನ್ನೂ ಯಾವ ದೇಶದಲ್ಲಿಯೂ ಯಾರೂ ತಡೆದು ಕೇಳುತ್ತಿರಲಿಲ್ಲ ಎಂಬ ಕಾರಣದಿಂದ.

ಸಲಕರಣೆಗಳ ಬಗೆಗೆ ಎರಡು ಮಾತು ಸಾಕು. ಸುದ್ದಿ ತಿಳಿಸಲು ಅಕ್ಕಿಕಾಳಿಗೆ ಕೆಂಪು, ಹಳದಿ, ನೀಲಿ, ಕಪ್ಪು, ನೇರಳೆ ಬಣ್ಣ ಹಾಕಿ ದಾರಿಯ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು. ಬಣ್ಣದ ಅಕ್ಕಿಯನ್ನು ಹಕ್ಕಿ ತಿನ್ನುವುದಿಲ್ಲ, ದಾರಿಹೋಕ ಗಮನಿಸುವುದಿಲ್ಲ, ತಮ್ಮವನಿಗೆ ಮಾತ್ರ ಅರ್ಥವಾಗುತ್ತದೆ. ಬೆನ್ನಟ್ಟಿ ಬರುವವರ ಕಾಲಿಗೆ ಚುಚ್ಚಲೆಂದು ಚೆಲ್ಲುತ್ತಿದ್ದ ಮುಳ್ಳು ಯಾವುದು ಗೊತ್ತೆ? ನಮ್ಮ ಮನೆಯ ಹೆಂಗಸರು ಇಲ್ಲಿ ಮುಂಬಯಿಗೆ ಬಂದ ಮೇಲೆ ಉಪವಾಸಕ್ಕೆ ಹಿಟ್ಟು ತರುವ ಶಿಂಗಾಡಾ ಕಾಯಿಯ ಜಾತಿಯದೇ! ಕೆರೆಯಲ್ಲಿ ಬೆಳೆಯುವ ಕಾಯಿ, ಒಣಗಿದರೆ ಕಬ್ಬಿಣದ ಮುಳ್ಳಿನಂತಾಗುತ್ತದೆ. ಹಸಿವಾದರೆ ತಿನ್ನಲೂಬಹುದು. ನೀರಿನ ಮೇಲೆ ನಡೆಯಲು ಕಾಲಿಗೆ ಕಟ್ಟಿಕೊಳ್ಳುವ ಮರದ ಬಳೆಯ ಚಿತ್ರ ಕೂಡ ಹಳೆಯ ಗ್ರಂಥದಲ್ಲಿದೆ. ಅದನ್ನು ಕಟ್ಟಿಕೊಂಡು ನೀರಿಗಿಳಿದರೆ ಮುಳುಗುವುದು ಖಂಡಿತ. ಕೆಸರಿನಲ್ಲಿ ಅದರ ಮೇಲೆ ಕುಳಿತು ಸಾಗುತ್ತಿದ್ದರೆಂದು ಈಗಿನವರು ಊಹಿಸುತ್ತಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಘಟನೆಗೆ ಬರುತ್ತೇನೆ. ೧೬೩೭ರಲ್ಲಿ ಜಪಾನಿನ ಪಶ್ಚಿಮದ ಕ್ಯೂಶೂ ದ್ವೀಪದ ಶಿಮಾಬಾರಾದಲ್ಲಿ ತೆರಿಗೆಯ ಭಾರವನ್ನೂ ಮತದ ಹಿಂಸೆಯನ್ನೂ ತಾಳಲಾರದೆ ಕ್ರೈಸ್ತ ರೈತರು ದಂಗೆ ಎದ್ದು ಹಾರಾ ಎಂಬ ಪಾಳುಕೋಟೆಯನ್ನು ಹೊಕ್ಕರು. ಹೆಂಗಸರು ಮಕ್ಕಳು ಸೇರಿ ಹತ್ತಾರು ಸಾವಿರ ಜನ. ಮುತ್ತಿಗೆ ಹಾಕಿದ ಶೋಗುನ್‌ನ ಕಡೆಯವರು ಕೋಕಾದಿಂದ ಹತ್ತು ಮಂದಿಯನ್ನು ಕರೆಸಿಕೊಂಡರು. ಅವರು ಹಿಂದಿನವರ ಹೆಸರು ಕೆಡಿಸಲಿಲ್ಲ. ರಾತ್ರಿಯಲ್ಲಿ ತೆವಳಿ ಹೋಗಿ ಕಂದಕದ ಆಳ, ಗೋಡೆಯ ಎತ್ತರ, ಬೇಲಿಯಿಂದ ಕೋಟೆಗಿರುವ ದೂರ ಎಲ್ಲವನ್ನೂ ಅಳೆದು ತಂದರು. ಆ ನಕ್ಷೆ ರಾಜಧಾನಿಯವರೆಗೆ ಹೋಯಿತು. ಕೋಟೆಯವರ ಆಹಾರದ ಮೂಟೆಗಳನ್ನು ಕದ್ದು ತಂದರು. ಆಮೇಲೆ ಒಂದು ರಾತ್ರಿ ಕೋಟೆಯೊಳಕ್ಕೇ ನುಗ್ಗಿದರು. ಒಬ್ಬ ಗುಂಡಿಯಲ್ಲಿ ಬಿದ್ದ, ಇನ್ನೊಬ್ಬ ಎತ್ತಿದ. ಶತ್ರುವಿನ ಶಿಲುಬೆಯ ಬಾವುಟ ಕಿತ್ತುಕೊಂಡು, ಮೇಲಿಂದ ಸುರಿದ ಕಲ್ಲಿನ ಪೆಟ್ಟು ತಿಂದು ಹಿಂದಿರುಗಿ, ನಲವತ್ತು ದಿನ ಹಾಸಿಗೆ ಹಿಡಿದರು.

ಇಷ್ಟೆಲ್ಲ ಮಾಡಿದವರಿಗೆ ಒಂದು ಕೆಲಸ ಮಾತ್ರ ಆಗಲಿಲ್ಲ. ಕೋಟೆಯ ಜನರೊಳಗೆ ಒಬ್ಬರಾಗಿ ಬೆರೆತು ಉಳಿಯಲು ಆಗಲಿಲ್ಲ. ಏಕೆಂದರೆ ಅವರಿಗೆ ಕ್ಯೂಶೂ ಸೀಮೆಯ ಆಡುಮಾತು ತಿಳಿಯದು. ಕ್ರೈಸ್ತರು ತಮ್ಮ ತಮ್ಮಲ್ಲಿ ಆಡುತ್ತಿದ್ದ ಪ್ರಾರ್ಥನೆಯ ಪದಗಳಂತೂ ಸುತರಾಂ ತಿಳಿಯವು. ಕತ್ತಲು ಅವರನ್ನು ಮರೆಸಿತು, ಬಟ್ಟೆ ಮರೆಸಿತು, ನಾಲಗೆ ಮರೆಸಲಿಲ್ಲ. ಒಂದೇ ದೇಶದವರು, ಒಂದೇ ಭಾಷೆಯವರು! ನಮಗೇನೂ ಇದು ಆಶ್ಚರ್ಯವಲ್ಲ. ಕುಂದಾಪುರದವರ ಮಾತಿಗೆ ವಿಜಯಪುರದವರು ಕಣ್ಣು ಬಿಟ್ಟು ನಿಲ್ಲುವುದನ್ನು ಈ ಸಭಾಂಗಣದಲ್ಲಿಯೇ ಪ್ರತಿ ನವೆಂಬರಿನಲ್ಲಿ ಕಾಣುತ್ತೇವೆ. ಸುಮಾರು ನಲವತ್ತು ವರ್ಷಗಳ ನಂತರ ಬರೆದ 'ಬನ್‌ಸೆನ್‌ಶೂಕಾಯಿ' ಪರಸೀಮೆಯ ಮಾತು, ನಡೆ, ರೂಢಿಗಳನ್ನು ಕಲಿಯಬೇಕೆಂದು ಒತ್ತಿ ಹೇಳುವುದನ್ನು ಓದಿದಾಗ ನನಗೆ ಆ ಹತ್ತು ಮಂದಿಯ ನೆನಪಾಯಿತು.

ಇದರ ಇನ್ನೊಂದು ಮಗ್ಗುಲನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ಒಮ್ಮೆ ನಮ್ಮ ಶಾಖೆಗೆ ಧಾರವಾಡದ ಕಡೆಯ ವಯಸ್ಸಾದ ತಾಯಿಯೊಬ್ಬರು ಬಂದು ನಾಲ್ಕು ಲಕ್ಷದ ಠೇವಣಿಯನ್ನು ಮುರಿಸಬೇಕೆಂದರು. ಮೊಮ್ಮಗಳ ಮದುವೆ ಎಂದರು. ಕೈ ನಡುಗುತ್ತಿತ್ತು, ಕೈಚೀಲದೊಳಗೆ ಮೊಬೈಲು ಹೊತ್ತಿಕೊಂಡೇ ಇತ್ತು. ನಾನು ಕನ್ನಡದಲ್ಲಿ, "ಹುಡುಗ ಯಾವೂರಿನವರ್ರೀ ಅಮ್ಮಾರ?" ಎಂದು ಕೇಳಿದೆ. ಅಷ್ಟೇ, ಅವರು ಅಲ್ಲೇ ಕುರ್ಚಿಯ ಮೇಲೆ ಕುಸಿದು ಅಳತೊಡಗಿದರು. ಪೋಲೀಸ್ ಅಧಿಕಾರಿಯೆಂದು ಹೇಳಿಕೊಂಡವನೊಬ್ಬ ಎರಡು ದಿನಗಳಿಂದ ಫೋನು ಕೆಳಗಿಡಗೊಡದೆ, ಯಾರ ಸಂಗಡವೂ ಮಾತನಾಡಗೊಡದೆ ಅವರನ್ನು ಹೆದರಿಸಿ, ಬೇರೊಂದು ಖಾತೆಯಿಂದ ಒಂದೂವರೆ ಲಕ್ಷವನ್ನು ಆಗಲೇ ಎಳೆದುಕೊಂಡಿದ್ದ. ಈ ನಾಲ್ಕು ಲಕ್ಷ ಉಳಿಯಿತು, ಹೋದದ್ದು ಬರಲಿಲ್ಲ. ಪೋಲೀಸರ ಸಹಾಯವಾಣಿ ೧೯೩೦ಕ್ಕೆ ಕರೆ ಮಾಡಿ ದೂರು ಬರೆಯಿಸಿ ಅವರನ್ನು ಮನೆಗೆ ಕಳಿಸುವಾಗ ಅವರು ಹಣದ ಮಾತೆತ್ತಲಿಲ್ಲ. "ಎಷ್ಟು ಚಂದ ಕನ್ನಡ ಮಾತಾಡ್ತಿದ್ದ ನೋಡೋ ತಮ್ಮಾ ಅಂವ. ನಮ್ಮ ಕಡಿಯಾಂವ ಅಂತ ನಂಬಿದೆ" ಎಂದರು. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮ ಬಾಗಿಲು ತಾನಾಗಿ ತೆರೆಯುತ್ತದೆ. ಆ ಬಾಗಿಲು ಇರುವುದು ಅವನಿಗೂ ತಿಳಿದಿತ್ತು.

ಬಹಿರಂಗ ಕಾಳಗದ ವಿದ್ಯೆಗಳಲ್ಲಿಯೂ ಈ ಕಣ್ಣು ತಪ್ಪಿಸುವ ಕೆಲಸ ಉಂಟು. ಶೋಗುನ್ನರಿಗೆ ಕತ್ತಿವರಸೆ ಕಲಿಸಿದ ಯಾಗ್ಯೂ ಮುನೆನೋರಿ ೧೬೩೨ರ ತನ್ನ ಗ್ರಂಥದಲ್ಲಿ, ಹೊರಗೊಂದು ತೋರಿ ಒಳಗೊಂದು ಇಟ್ಟುಕೊಳ್ಳುವುದೇ ಈ ವಿದ್ಯೆಯ ಬುಡವೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಅವನ ಸಮಕಾಲೀನ ಮಿಯಾಮೊತೊ ಮುಸಾಶಿ ೧೬೪೫ರಲ್ಲಿ ಮುಗಿಸಿದ 'ಗೊರಿನ್ ನೊ ಶೋ' ಎಂಬ ಗ್ರಂಥದಲ್ಲಿ ಎರಡು ಯುಕ್ತಿಗಳನ್ನು ಹೇಳುತ್ತಾನೆ. ಎದುರಾಳಿಯ ಮನಸ್ಸು ತಿಳಿಯದಿದ್ದರೆ ಜೋರಾಗಿ ಹೊಡೆಯುವವನಂತೆ ನಟಿಸು. ಅವನು ಏನು ಮಾಡಬೇಕೆಂದಿದ್ದನೋ ಅದು ಕೈಯಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಹೀಗೆ: ಆಕಳಿಕೆ ಒಬ್ಬರಿಂದೊಬ್ಬರಿಗೆ ಅಂಟುತ್ತದಷ್ಟೆ, ಹಾಗೆಯೇ ನೀನು ಸಾವಕಾಶವಾಗಿರುವಂತೆ ತೋರಿದರೆ ಅವನೂ ಸಡಿಲವಾಗುತ್ತಾನೆ, ಆಗ ನುಗ್ಗು. (ಈಗ ಹಿಂದಿನ ಸಾಲಿನಲ್ಲಿ ಆಕಳಿಸಿದ ಮಹನೀಯರು ಮುಸಾಶಿಯನ್ನು ಓದಿರಬಹುದೆಂದು ನನ್ನ ಸಂಶಯ.) ನೆಲದ ಮೇಲೆ ಹತ್ತು ರೂಪಾಯಿಯ ನೋಟು ಚೆಲ್ಲಿ, "ನಿಮ್ಮ ದುಡ್ಡು ಬಿತ್ತು ನೋಡಿ" ಎಂದು ಹೇಳಿ ಚೀಲ ಹಾರಿಸುವವರೂ ಮಾಡುವುದು ಇದನ್ನೇ.

ಕಾತೋರಿ ಶಿಂತೋ ಪಂಥದ ಕತ್ತಿವರಸೆಯವರದು ಇನ್ನೂ ಸೂಕ್ಷ್ಮ. ಹದಿನೈದನೆಯ ಶತಮಾನದಿಂದ ನಡೆದುಬಂದ ಈ ಪರಂಪರೆಯಲ್ಲಿ ಜನರೆದುರಿಗೆ ವರಸೆ ತೋರಿಸುವಾಗ ಕತ್ತಿಗೆ ಕತ್ತಿ ತಗಲಿಸಿ ತಡೆಯುತ್ತಾರೆ. ನಿಜವಾದ ಕಾಳಗದಲ್ಲಿ ಆ ಜಾಗದಲ್ಲಿ ತಡೆಯುವುದೇ ಇಲ್ಲ. ಮಣಿಕಟ್ಟನ್ನೋ ಕವಚದ ಸಂದನ್ನೋ ಕಡಿಯುತ್ತಾರೆ. ನೋಡಲು ಬಂದ ಪರಪಂಥದವನು ನೋಡಿಯೂ ನೋಡದೆ ಹೋಗಲೆಂದು ಹೀಗೆ ಹೆಣೆದಿದ್ದಾರೆ. ಜೂಡೋ ಕಲಿಯುವ ಮಕ್ಕಳಿಗೆ ತಿಳಿದೇ ಇದೆ: ಹಿಂದಕ್ಕೆ ಕೆಡವುವವನಂತೆ ತಳ್ಳಿದರೆ ಎದುರಾಳಿ ಮುಂದಕ್ಕೆ ಒತ್ತುತ್ತಾನೆ, ಮುಂದಕ್ಕೆ ಎಸೆಯಲು ಬೇಕಾದದ್ದು ಅದೇ. ೧೮೮೨ರಲ್ಲಿ ಕಾನೋ ಜಿಗೋರೋ ಹನ್ನೆರಡು ಚಾಪೆಗಳ ಕೋಣೆಯಲ್ಲಿ ಜೂಡೋ ಶಾಲೆ ತೆರೆದಾಗ ಎದುರಾಳಿಯ ಸಮತೋಲ ಕೆಡಿಸುವುದನ್ನೇ ಮೊದಲ ಪಾಠವನ್ನಾಗಿ ಮಾಡಿದ.

ಆದರೆ ಎಲ್ಲಿ ಇದು ಯುಕ್ತಿ, ಎಲ್ಲಿ ಇದು ಮೋಸ? ಸುಮೋ ಕುಸ್ತಿಯಲ್ಲಿ 'ಬೆಕ್ಕನ್ನು ಬೆದರಿಸುವುದು' ಎಂಬ ಒಂದು ಪಟ್ಟಿದೆ. ಎದುರಾಳಿ ಮೇಲೆ ಬೀಳುವ ಗಳಿಗೆಯಲ್ಲಿ ಅವನ ಮುಖದ ಮುಂದೆ ಚಟಾರನೆ ಚಪ್ಪಾಳೆ ಹೊಡೆಯುವುದು. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುವುದು. ನಿಯಮಕ್ಕೆ ವಿರುದ್ಧವಲ್ಲ. ಗಾತ್ರದಲ್ಲಿ ಚಿಕ್ಕವರು ಮಾಡಿದರೆ ಜನ ನಕ್ಕು ಮೆಚ್ಚುತ್ತಾರೆ. ೨೦೧೫ರ ನವೆಂಬರಿನಲ್ಲಿ ಮಹಾಮಲ್ಲ ಪದವಿಯ ಹಾಕುಹೋ ಹೀಗೆ ಮಾಡಿ ಗೆದ್ದಾಗ ಮಾತ್ರ ಸುಮೋ ಸಂಘದ ಅಧ್ಯಕ್ಷ ಕಿತಾನೋಉಮಿಯೇ, ಇದು ಆ ಪದವಿಗೆ ತಕ್ಕುದಲ್ಲವೆಂದು ಆಕ್ಷೇಪಿಸಿದ. ನನಗೆ ಆಕ್ಷೇಪಿಸಿದವರ ಮಾತೇ ಸರಿಯೆನಿಸುತ್ತದೆ. ಬಲವಿಲ್ಲದವನಿಗೆ ಯುಕ್ತಿ ಊರುಗೋಲು. ಬಲಶಾಲಿ ಅದನ್ನು ಕಿತ್ತುಕೊಂಡರೆ ನೋಡುವವರಿಗೆ ನೋವಾಗುತ್ತದೆ. 'ಬನ್‌ಸೆನ್‌ಶೂಕಾಯಿ' ಗೋಡೆ ಹತ್ತುವುದನ್ನೂ ಬೀಗ ತೆಗೆಯುವುದನ್ನೂ ಹೇಳುವುದಕ್ಕೆ ಮುಂಚೆ, ಆರಂಭದ ಅಧ್ಯಾಯಗಳನ್ನು ನೇರವಾದ ಮನಸ್ಸು ಎಂಬ ವಿಷಯಕ್ಕೆ ಮೀಸಲಿಟ್ಟಿದೆ. ಸ್ವಾರ್ಥಕ್ಕಾಗಿ ಮಾಡಿದರೆ ಇದು ಕಳ್ಳತನವೆಂದು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು. ಹಾರಾ ಕೋಟೆಯ ರೈತರ ಕಾಳಿನ ಮೂಟೆ ಕದ್ದದ್ದು ಯಾವ ಲೆಕ್ಕಕ್ಕೆ ಸೇರುತ್ತದೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಆ ಕೋಟೆ ೧೬೩೮ರಲ್ಲಿ ಬಿದ್ದಾಗ ಒಳಗಿದ್ದವರಲ್ಲಿ ಬದುಕುಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಈಗ ಆ ಊರುಗಳ ಕಸುಬು ಬೇರೆ. ಇಗಾದಲ್ಲಿ ೧೯೬೪ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ತಿರುಗುವ ಗೋಡೆಯ ಮನೆಯನ್ನು ಮಕ್ಕಳಿಗೆ ತೋರಿಸುತ್ತಾರೆ. ಮಿಯೆ ವಿಶ್ವವಿದ್ಯಾಲಯ ೨೦೧೭ರಲ್ಲಿ ಈ ವಿಷಯಕ್ಕಾಗಿ ಸಂಶೋಧನ ಕೇಂದ್ರವೊಂದನ್ನೇ ಸ್ಥಾಪಿಸಿತು. ಕೋಕಾದವರು ಔಷಧ ತಯಾರಿಸುತ್ತಾರೆ. ಬೆಟ್ಟದ ತಪಸ್ವಿಗಳು ಮದ್ದು ಮಾರುತ್ತ ಊರೂರು ತಿರುಗುತ್ತಿದ್ದ ಸೀಮೆ ಅದು. ಗುಟ್ಟು ತರುವ ಕೆಲಸ ನಿಂತಿತು, ಮದ್ದಿನ ವ್ಯಾಪಾರ ಉಳಿಯಿತು.

ಸಮಯ ಮೀರಿತೆಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಕೆಲವು ಚಿತ್ರಗಳನ್ನೂ ಒಣಗಿದ ನಾಲ್ಕು ಶಿಂಗಾಡಾ ಕಾಯಿಗಳನ್ನೂ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಇವು ಎರಡು ಕೊಂಬಿನವು. ಜಪಾನಿನಲ್ಲಿ ನಾಲ್ಕು ಮುಳ್ಳಿನ ಜಾತಿಯೂ ಉಂಟು. ಮಕ್ಕಳು ಮುಟ್ಟಿ ನೋಡಬಹುದು. ಸಭಾಂಗಣದ ಹೊರಗೆ ಚಪ್ಪಲಿ ಬಿಟ್ಟಿರುವುದರಿಂದ ನೆಲದ ಮೇಲೆ ಮಾತ್ರ ಚೆಲ್ಲಬಾರದು.